ಜಾತಕ ಕೂಡಲಿಲ್ಲ ಎಂಬ ಮಾತು

ನನ್ನದು ಅನುಮಾನದ ಬುದ್ಧಿ. ತರಕಾರಿಯವಳು ತಾನಾಗಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ಕೆಳಗಿನ ಟೊಮ್ಯಾಟೊ ಕೊಳೆತಿರಬೇಕು ಎಂದು ಅಲ್ಲೇ ನಿಂತು ಚೀಲ ಬಿಚ್ಚಿ ನೋಡುತ್ತೇನೆ. ಹೆಚ್ಚಿನ ಸಲ ಕೊಳೆತಿರುವುದಿಲ್ಲ. ಆಗ ಕೊತ್ತಂಬರಿಯನ್ನು ಮೂಸಿ ನೋಡುತ್ತೇನೆ. 'ಪಾಠ ಮಾಡಿ ಮಾಡಿ ನಿಂಗೆ ಹಿಂಗಾಗಿರೋದು' ಎಂದು ಅತ್ತಿಗೆ ಹೇಳುತ್ತಾಳೆ. ಇರಬಹುದು. ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಮನುಷ್ಯ ತನ್ನ ಇಷ್ಟದಂತೆ ನಡೆಯುತ್ತಿದ್ದೇನೆ ಅಂದುಕೊಂಡಿರುತ್ತಾನೆ, ನಿಜವಾಗಿ ಅವನನ್ನು ನಡೆಸುತ್ತಿರುವುದು ಸುತ್ತಲಿನ ಸಮಾಜ ಎಂದು ವರ್ಷವರ್ಷವೂ ಹೊಸ ಮಕ್ಕಳಿಗೆ ಹೇಳುತ್ತೇನೆ. ರೂಢಿ, ಪಾತ್ರ, ಅಂತಸ್ತು, ಸಾಮಾಜಿಕ ನಿಯಂತ್ರಣ. ಅವರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಕೊನೆಗೆ ಯಾರಾದರೂ ಎದ್ದು, 'ಇದು ಐದು ಮಾರ್ಕ್ಸಿಗೆ ಬರುತ್ತಾ, ಹತ್ತಕ್ಕಾ ಮಿಸ್' ಎಂದು ಕೇಳುತ್ತಾರೆ. ಇಂಥ ಪಾಠವನ್ನು ಜೀವಮಾನವಿಡೀ ಮಾಡಿದವಳು ಯಾರ ಮಾತನ್ನು ತಾನೇ ಅವರದೇ ಮಾತೆಂದು ನಂಬಿಯಾಳು?

ನಮ್ಮೂರು ಅಕ್ಕೂರಿನ ಕಡೆಗೆ. ಅಲ್ಲಿ ಅಣ್ಣ ರಾಗಿ ಬೆಳೆಯುತ್ತಾನೆ, ರೇಷ್ಮೆ ಹುಳು ಸಾಕುತ್ತಾನೆ. ನಾನು ಪೇಟೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ ನಮ್ಮ ಮನೆಯವರು 'ಜಾತಕ ಕೂಡಲಿಲ್ಲ' ಎನ್ನುತ್ತಾರೆ. ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ.

ಅಣ್ಣನಿಗೆ ಒಬ್ಬಳೇ ಮಗಳು. ರಾಮನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಸಂಜೆ ರೈಲಿಳಿದು ನನ್ನ ಮನೆಗೆ ಬರುತ್ತಾಳೆ, ಕಾಫಿ ಕುಡಿದು, ಅರ್ಧ ಗಂಟೆ ನನ್ನ ಜೊತೆ ಜಗಳವಾಡಿ, ಊರಿನ ಬಸ್ಸು ಹಿಡಿಯುತ್ತಾಳೆ. ಹೋದ ವರ್ಷ ಅವಳಿಗೆ ಕನಕಪುರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಬಿ.ಎ. ಓದಿ ಜಮೀನು ನೋಡಿಕೊಂಡಿದ್ದಾನೆ, ರೇಷ್ಮೆಗೆಂದು ಹೊಸದಾಗಿ ಹುಳುಮನೆ ಕಟ್ಟಿಸಿದ್ದಾನೆ. ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು. ಅಣ್ಣ ಅತ್ತಿಗೆ ಇಬ್ಬರಿಗೂ ಒಪ್ಪಿಗೆ. ಮಗಳನ್ನು ಕೇಳಿದರೆ 'ನಿಮ್ಮಿಷ್ಟ' ಎಂದಳು. ವೀಳ್ಯಶಾಸ್ತ್ರಕ್ಕೆ ದಿನ ನೋಡಬೇಕು ಅನ್ನುವಾಗ ಸಂಬಂಧ ತಂದಿದ್ದ ದಲ್ಲಾಳಿ ಒಬ್ಬಟ್ಟು ತಿನ್ನುತ್ತಾ ಬಾಯಿ ಜಾರಿದ. ಹುಡುಗನಿಗೆ ಹಿಂದೆ ಒಂದು ಕಡೆ ವೀಳ್ಯ ಆಗಿತ್ತಂತೆ, ಆಮೇಲೆ ಮುರಿಯಿತಂತೆ. ಯಾಕೆ ಎಂದು ಕೇಳಿದ್ದಕ್ಕೆ ದಲ್ಲಾಳಿ ಒಬ್ಬಟ್ಟಿಗೆ ಇನ್ನೊಂದಿಷ್ಟು ತುಪ್ಪ ಕೇಳಿದ.

ಅಣ್ಣ ಅದನ್ನು ಅಷ್ಟಕ್ಕೇ ಬಿಟ್ಟ. ನಾನು ಬಿಡುವವಳಲ್ಲ. ಮಾತು ಆಡಿ ತಪ್ಪುವುದು ಬೇರೆ, ನಾಲ್ಕು ಜನರ ಮುಂದೆ ಎಲೆ ಅಡಿಕೆ ಬದಲಾಯಿಸಿ ತಪ್ಪುವುದು ಬೇರೆ. ಅಷ್ಟು ದೂರ ಬಂದದ್ದು ಮುರಿಯಬೇಕಾದರೆ ಒಳಗೆ ಏನೋ ಇರಲೇಬೇಕು. ಮಾರನೆಯ ಸಂಜೆ ಹುಡುಗಿ ಬಂದು ಚಪ್ಪಲಿ ಬಿಡುವ ಮುಂಚೆಯೇ ಅದೇ ಮಾತು ತೆಗೆದಳು.

'ಅತ್ತೆ, ನೀನೇ ಹೋಗಿ ವಿಚಾರಿಸ್ಕೊಂಡು ಬಾ. ಅಪ್ಪ ಹೋದ್ರೆ ಅವರ ಮನೆ ಕಾಫಿ ಕುಡ್ಕೊಂಡು, ಎಲ್ಲಾ ಚೆಂದಾಗೈತೆ ಅಂತ ಬತ್ತದೆ. ನೀನಾದ್ರೆ ಯಾರನ್ನೂ ನಂಬಲ್ಲ.'

'ಏನು ವಿಚಾರಿಸಲಿ?'

'ಆ ಮದುವೆ ಯಾಕೆ ಮುರೀತು ಅಂತ. ಸರಿಯಾಗಿ ಹುಡುಕು ಅತ್ತೆ. ಏನಾದ್ರೂ ಇದ್ದೇ ಇರುತ್ತೆ.'

ನನ್ನ ಬುದ್ಧಿ ಇವಳಿಗೂ ಬಂತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ನಮ್ಮ ಕಡೆ ಹೆಣ್ಣು ಗಂಡು ವಿಚಾರಿಸುವುದಕ್ಕೆ ಒಂದು ರೀತಿಯಿದೆ. ನೇರವಾಗಿ ಕೇಳುವಂತಿಲ್ಲ. ಹಸು ನೋಡಲು ಬಂದೆ, ಜಮೀನು ಮಾರಾಟಕ್ಕಿದೆಯಂತೆ, ಹೀಗೆ ಏನಾದರೊಂದು ನೆಪ ಬೇಕು. ಟೀ ಅಂಗಡಿಯಲ್ಲಿ ಕೂತು ಮಳೆಯ ಮಾತೆತ್ತಿ, ಬೆಳೆಯ ಮಾತೆತ್ತಿ, ಕೊನೆಗೆ ಯಾವುದೋ ಮನೆಯ ಹೆಸರು ತೆಗೆಯಬೇಕು. ಕೇಳಿಸಿಕೊಂಡವನಿಗೆ ಇವರು ಯಾಕೆ ಬಂದಿದ್ದಾರೆಂದು ಗೊತ್ತಿರುತ್ತದೆ, ಅವನಿಗೆ ಗೊತ್ತಿದೆಯೆಂದು ಕೇಳಿದವನಿಗೂ ಗೊತ್ತಿರುತ್ತದೆ. ಆದರೂ ಇಬ್ಬರೂ ಹಸುವಿನ ಮಾತೇ ಆಡಬೇಕು. ಪಾತ್ರ ಅಂದರೇನು ಎಂದು ತರಗತಿಯಲ್ಲಿ ವಿವರಿಸಲು ನಾನು ಇದೇ ಉದಾಹರಣೆ ಕೊಡುತ್ತೇನೆ. ಮಕ್ಕಳು ನಗುತ್ತಾರೆ, ಅವರೆಲ್ಲರ ಮನೆಯಲ್ಲೂ ಇದು ನಡೆದಿರುತ್ತದೆ.

ನನ್ನ ನೆಪ ಹಿಪ್ಪುನೇರಳೆ ಕಡ್ಡಿ. ಅಣ್ಣನ ತೋಟಕ್ಕೆ ಹೊಸ ತಳಿಯ ಕಡ್ಡಿ ನೆಡಬೇಕು, ಈ ಊರಲ್ಲಿ ಸಿಗುತ್ತದಂತೆ ಎಂದು ಹೇಳುವುದು. ಕನಕಪುರದಲ್ಲಿ ಬಸ್ಸು ಬದಲಾಯಿಸಿ, ಕಲ್ಲಿನ ಲಾರಿಗಳ ಧೂಳು ಕುಡಿದು, ಹುಡುಗನ ಊರಿನಲ್ಲಿ ಇಳಿದೆ. ಟೀ ಅಂಗಡಿಯವನ ಮುಂದೆ ಕಡ್ಡಿಯ ಕಥೆ ಶುರುಮಾಡಿದೆ. ಅವನು ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ, 'ಕಡ್ಡಿನೂ ಐತೆ, ಹೈದನೂ ಅವ್ನೆ. ಯಾವ್ದು ಮೊದ್ಲು ನೋಡ್ತೀರಿ' ಎಂದ.

ವಾರದ ನಡುವೆ ಇಸ್ತ್ರಿ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು, ಆ ಊರಲ್ಲಿ ನೆಂಟರಿಲ್ಲದ ಹೆಂಗಸು ಬಸ್ಸಿಳಿದರೆ ಯಾರಿಗೆ ಗೊತ್ತಾಗುವುದಿಲ್ಲ? ನಾನೂ ನೆಪ ಬಿಟ್ಟು ಯಾವ ಮನೆ ಎಂದು ಹೇಳಿದೆ.

'ಹೈದ ಒಳ್ಳೇನು ಕಣಕ್ಕ. ತಾನಾಯ್ತು, ತನ್ನ ಹುಳ ಆಯ್ತು.'

'ಹಿಂದೆ ಒಂದು ವೀಳ್ಯ ತಪ್ಪಿತ್ತಂತಲ್ಲ?'

'ಅದು ಹೆಣ್ಣಿನ ಕಡೆಯೋರ್ದೇ ತಪ್ಪು.'

ಸರಿ ಎಂದು ಟೀ ಕುಡಿದೆ. ನಾನು ಲೋಟ ಇಡುವಾಗ ಅವನು ಮೊಬೈಲು ಒತ್ತುತ್ತಿದ್ದ. ಅಲ್ಲಿಂದ ಹಾಲಿನ ಡೇರಿಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಹೆಂಗಸು ನನ್ನನ್ನೇ ಕಾಯುತ್ತಿದ್ದಂತೆ ಕಂಡಳು. 'ಹೈದ ಒಳ್ಳೇನು. ತಾನಾಯ್ತು, ತನ್ನ ಹುಳ ಆಯ್ತು' ಎಂದಳು. ವೀಳ್ಯದ ಮಾತು ಕೇಳಿದೆ. ಹೆಣ್ಣಿನ ಕಡೆಯವರದೇ ತಪ್ಪು. ರಾಗಿ ಮಿಷನ್ನಿನವನು ಮುಖದ ಹಿಟ್ಟು ಒರೆಸಿಕೊಂಡು ಹೊರಗೆ ಬಂದು, ನಾನು ಬಾಯಿ ತೆರೆಯುವ ಮುಂಚೆಯೇ 'ತಾನಾಯ್ತು' ಎಂದು ಶುರುಮಾಡಿದ.

ನನ್ನ ಮೈಯೆಲ್ಲ ಕಿವಿಯಾಯಿತು. ಊರಿನಲ್ಲಿ ಎಷ್ಟೇ ಒಳ್ಳೆಯವನಿದ್ದರೂ ಒಬ್ಬರಾದರೂ 'ಒಸಿ ಮುಂಗೋಪ' ಅನ್ನುತ್ತಾರೆ, ಇನ್ನೊಬ್ಬರು 'ಅವರವ್ವ ಒಸಿ ಜೋರು' ಅನ್ನುತ್ತಾರೆ. ಅದು ಆರೋಗ್ಯದ ಲಕ್ಷಣ. ಎಲ್ಲರ ಬಾಯಲ್ಲೂ ಒಂದೇ ಮಾತು, ಅದೂ ಒಂದೇ ಧಾಟಿಯಲ್ಲಿ ಬಂತೆಂದರೆ ಯಾರೋ ಆ ಮಾತನ್ನು ಅಲ್ಲಿ ಇಟ್ಟಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕುಡಿತವೇ, ಇಸ್ಪೀಟೇ, ಇನ್ನೊಂದು ಸಂಸಾರವೇ, ಮೂರ್ಛೆರೋಗವೇ? ಊರಿಗೆ ಊರೇ ಸೇರಿ ಮುಚ್ಚಬೇಕಾದರೆ ಸಣ್ಣದಂತೂ ಅಲ್ಲ ಎಂದು ನಾನು ಲೆಕ್ಕ ಹಾಕಿದೆ.

ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡ ಒಬ್ಬ ಮುದುಕಿ ಕೂತಿದ್ದಳು. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

'ಎಲ್ರೂ ಒಂದೇ ಮಾತಂದ್ರಾ?'

'ಹೂಂ. ನೀವೂ ಅದನ್ನೇ ಹೇಳ್ತೀರಾ?'

'ಇನ್ನೇನು ಹೇಳ್ಲವ್ವ. ನಮ್ಮೂರಲ್ಲಿ ಮದ್ವೆ ಆಗ್ದಿರೋ ಐಕ್ಳು ಬೀದಿ ತುಂಬ ಅವ್ರೆ. ಬೇಸಾಯ ಮಾಡೋನಿಗೆ ಹೆಣ್ಣು ಕೊಡೋರೇ ಇಲ್ಲ. ಇವತ್ತು ಇವನ ಮ್ಯಾಲೆ ನಾನೊಂದು ಮಾತಾಡಿದ್ರೆ, ನಾಳೆ ನನ್ನ ಮೊಮ್ಮಗನ ಮ್ಯಾಲೆ ಅವರೊಂದು ಆಡ್ತಾರೆ. ಒಬ್ಬನ ಹೆಸರು ಕೆಟ್ರೆ ಊರಿಗೇ ಹೆಣ್ಣು ಬರಾಕಿಲ್ಲ. ಅದ್ಕೆ ಯಾರೂ ಬಾಯಿ ಬುಡಾಕಿಲ್ಲ.'

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಕೇಳಿದ್ದೆ. ಇಡೀ ಊರು ಒಗ್ಗಟ್ಟಾಗಿ ಅದನ್ನು ವ್ರತದಂತೆ ನಡೆಸುವುದನ್ನು ಅವತ್ತೇ ನೋಡಿದ್ದು. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಬೈಯಲು ನನಗೆ ಮನಸ್ಸಾಗಲಿಲ್ಲ, ಎಲ್ಲರ ಮೇಲೂ ಸೇರಿ ಸಿಟ್ಟು ಬಂತು. ಹಾಗಾದರೆ ವೀಳ್ಯ ತಪ್ಪಿದ ಹುಡುಗಿಯ ಊರಾದರೂ ಯಾವುದು ಎಂದು ಕೇಳಿದೆ. ಅದಕ್ಕೆ ಯಾರೂ ಉತ್ತರ ತಯಾರು ಮಾಡಿ ಇಟ್ಟಿರಲಿಲ್ಲವೇನೋ, ಮುದುಕಿ ಥಟ್ಟನೆ ಹೇಳಿಬಿಟ್ಟಳು. ಮಾಗಡಿ ಕಡೆಯ ಒಂದು ಊರು.

ಸಂಬಂಧ ತಪ್ಪಿದ ಹೆಣ್ಣಿನ ಮನೆಗೆ ಹೋಗಿ ಕೇಳುವುದು ನಮ್ಮಲ್ಲಿಲ್ಲ. ಹಾಗೆ ಮಾಡಿದರೆ ಗಾಯ ಕೆದಕಿದಂತೆ, ನೀಚತನ ಎನ್ನುತ್ತಾರೆ. ಅಣ್ಣನಿಗೆ ಹೇಳಿದ್ದರೆ ಬೇಡ ಅನ್ನುತ್ತಿದ್ದ, ಹಾಗಾಗಿ ಹೇಳಲಿಲ್ಲ. ಒಂದು ರಜೆಯ ದಿನ ರಾಮನಗರಕ್ಕೆ ಹೋಗಿ ಮಾಗಡಿ ಬಸ್ಸು ಹತ್ತಿದೆ. ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕನಕಪುರದ ಸಂಬಂಧ ತಪ್ಪಿದ ಮನೆ ಎಂದೊಡನೆ ಅಂಗಡಿಯವನು ಕೈ ತೋರಿಸಿದ. ಆ ಮನೆಗೆ ಊರಲ್ಲಿ ಅದೇ ಗುರುತಾಗಿತ್ತು.

ಹುಡುಗಿಯ ತಾಯಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ವಯಸ್ಸಿನವಳೇ. ನಾನು ಯಾವ ನೆಪವನ್ನೂ ಹೇಳಲಿಲ್ಲ, ಬಂದ ಕಾರಣ ಹೇಳಿದೆ. ಅವಳು ಮೊದಲು ಕೇಳಿದ್ದು, 'ಯಾರು ಕಳಿಸಿದ್ದು ನಿಮ್ಮ' ಎಂದು.

'ಯಾರೂ ಇಲ್ಲ. ನಮ್ಮ ಹುಡುಗಿಗಾಗಿ ಬಂದೆ.'

'ಹೈದನ ಕಡೆಯೋರು ಕಳಿಸಿದ್ರೆ ಹೇಳಿಬುಡಿ. ನಾವು ಎಲ್ಲೂ ಏನೂ ಅಂದಿಲ್ಲ.'

ನಂಬಿಕೆ ಬರಲೆಂದು ನಾನೂ ಕೂತು ಮೊರದಿಂದ ಒಂದು ಹಿಡಿ ಕಾಯಿ ಎತ್ತಿಕೊಂಡೆ. ಇಬ್ಬರೂ ಸುಲಿಯತೊಡಗಿದೆವು. ನಾನು ಹುಳುಕು ಕಾಳು ಎಲ್ಲಿ ಹಾಕುತ್ತೇನೆಂದು ಅವಳು ಗಮನಿಸುತ್ತಿದ್ದಳು, ಅವಳ ಮುಖ ಎಲ್ಲಿ ಬದಲಾಗುತ್ತದೆಂದು ನಾನು ಗಮನಿಸುತ್ತಿದ್ದೆ.

'ಹೈದ ಕೆಟ್ಟೋನಾ?'

'ಇಲ್ಲ ಕಣವ್ವ. ಕುಡಿಯಾಕಿಲ್ಲ, ಏನಿಲ್ಲ. ಒಳ್ಳೇನೆಯಾ.'

'ಮತ್ತೆ ಯಾಕೆ ಮುರೀತು?'

'ಜಾತಕ ಕೂಡ್ಲಿಲ್ಲ.'

ನನ್ನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಜಾತಕ ನೋಡುವುದು ಎಲ್ಲಕ್ಕಿಂತ ಮೊದಲು. ಅದು ಕೂಡಿದರೆ ತಾನೇ ಹೆಣ್ಣು ನೋಡುವುದು, ಮಾತುಕತೆ, ವೀಳ್ಯ. ವೀಳ್ಯ ಆದ ಮೇಲೆ ಜಾತಕ ಕೂಡದೆ ಹೋಗುವುದು ಹೇಗೆ? ಹೋಗುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ವೀಳ್ಯ ಆದ್ಮೇಲೆ ಜಾತಕ ತೋರಿಸಿದ್ರಾ' ಎಂದು ಕೇಳಿದೆ. ಅವಳು ನನ್ನ ಕತ್ತು ನೋಡಿದಳು, ಕಾಲಿನ ಬೆರಳು ನೋಡಿದಳು.

'ನಿಮ್ಗೆ ಮದ್ವೆ ಆಗಿಲ್ವಾ?'

'ಇಲ್ಲ.'

'ಯಾಕೆ?'

'ಜಾತಕ ಕೂಡಲಿಲ್ಲ' ಎಂದೆ.

ಅವಳು ಮೊರ ಪಕ್ಕಕ್ಕೆ ಸರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಆಮೇಲೆ ಅವಳ ಕಣ್ಣಲ್ಲಿದ್ದ ಅನುಮಾನ ನಿಧಾನವಾಗಿ ಇಳಿಯಿತು. 'ಒಸಿ ಕಾಫಿ ಕುಡ್ಕೊಂಡು ಹೋಗಿ' ಎಂದು ಎದ್ದಳು. ಕಾಫಿ ಕೊಡುವಾಗ, 'ಮಗಳು ಈಗ ಗಾರ್ಮೆಂಟ್ಸಿಗೆ ಹೋಗ್ತಾಳೆ. ಆಮೇಲೆ ಯಾರೂ ಕೇಳ್ಕೊಂಡು ಬರ್ಲಿಲ್ಲ' ಎಂದಷ್ಟೇ ಹೇಳಿದಳು.

ನನ್ನದೂ ಹಾಗೇ ಆಗಿತ್ತು. ಎಂ.ಎ. ಮುಗಿಸಿದ ವರ್ಷ ನನಗೊಂದು ಗಂಡು ನೋಡಿದ್ದರು. ಸರ್ಕಾರಿ ಕೆಲಸ, ಮೆದು ಮಾತು, ಯಾವ ದೋಷವೂ ಇರಲಿಲ್ಲ. ವೀಳ್ಯವೂ ಆಯಿತು. ಆದರೆ ನನಗೆ ಅವನ ಜೊತೆ ಬದುಕುವುದು ಬೇಡ ಅನ್ನಿಸಿತು. ಯಾಕೆ ಎಂದರೆ ಹೇಳಲು ಕಾರಣವಿರಲಿಲ್ಲ, ಬೇಡ ಅನ್ನಿಸಿತು, ಅಷ್ಟೆ. ಅವ್ವನಿಗೆ ಹೇಳಿದೆ. ಅವ್ವ ಸೆರಗಿನಿಂದ ನನ್ನ ಬಾಯಿ ಮುಚ್ಚಿದಳು, ನಾನು ಕೂಳು ಬಿಟ್ಟೆ. ಕೊನೆಗೆ ಅಪ್ಪ ಅವರ ಮನೆಗೆ ಹೋಗಿ, ಮೊದಲು ನೋಡಿದ ಜೋಯಿಸರು ತಪ್ಪು ಲೆಕ್ಕ ಹಾಕಿದ್ದರು, ಜಾತಕ ಕೂಡುವುದಿಲ್ಲ ಎಂದು ಹೇಳಿ ಕೈ ಮುಗಿದು ಬಂದ. ಎರಡು ಮನೆಯ ಮರ್ಯಾದೆಯೂ ಉಳಿಯಿತು ಎಂದು ಎಲ್ಲರೂ ಅಪ್ಪನನ್ನು ಹೊಗಳಿದರು.

ಆದರೆ ಊರಿನ ಬಾಯಲ್ಲಿ ಆ ಮಾತು ಬೆಳೆಯುತ್ತಾ ಹೋಯಿತು. ಜಾತಕ ಕೂಡಲಿಲ್ಲ ಅಂದದ್ದು, ಅವಳ ಜಾತಕವೇ ಸರಿಯಿಲ್ಲ ಎಂದಾಯಿತು. ಬಂದ ಸಂಬಂಧಗಳು ಬಾಗಿಲಿಂದಲೇ ತಿರುಗಿದವು. ನಾನು ಬೇಡ ಅಂದದ್ದು ಒಬ್ಬನನ್ನು. ಊರು ಅದನ್ನು ಎಲ್ಲ ಗಂಡಸರಿಗೂ ಸೇರಿಸಿಬಿಟ್ಟಿತು. ಒಬ್ಬ ಮನುಷ್ಯನಿಗೆ ಸಮಾಜ ಒಂದು ಹಣೆಪಟ್ಟಿ ಅಂಟಿಸಿದರೆ ಅವನು ಕ್ರಮೇಣ ಅದರಂತೆಯೇ ಆಗುತ್ತಾನೆ ಎಂದು ತರಗತಿಯಲ್ಲಿ ಹೇಳುವಾಗ ನಾನು ಕಳ್ಳರ ಉದಾಹರಣೆ ಕೊಡುತ್ತೇನೆ. ನನ್ನದನ್ನು ಎಂದೂ ಕೊಟ್ಟಿಲ್ಲ. ನನಗೆ ಆ ಸುಳ್ಳಿನ ಮೇಲೆ ಈಗಲೂ ಸಿಟ್ಟಿದೆ.

ಮಾರನೆಯ ಸಂಜೆ ನಮ್ಮ ಹುಡುಗಿ ರೈಲಿಳಿದು ಬಂದಳು. ಕಾಫಿ ಮುಂದಿಟ್ಟು ಹೇಳಿದೆ.

'ಹುಡುಗನಲ್ಲಿ ಯಾವ ತಪ್ಪೂ ಇಲ್ಲ. ಊರು ಪಾಠ ಒಪ್ಪಿಸಿದರೂ ಅವರು ಹೇಳಿದ್ದು ನಿಜ. ಆ ಹುಡುಗಿಗೆ ಬೇಡವಾಗಿತ್ತು, ಬೇಡ ಅಂದಳು. ಅಷ್ಟೇ ಆಗಿರೋದು.'

ಒಳ್ಳೆಯ ಸುದ್ದಿ ಎಂದು ಅವಳ ಮುಖ ನೋಡಿದೆ. ಅಲ್ಲಿ ಸಂತೋಷ ಇರಲಿಲ್ಲ.

'ಬೇರೆ ಏನೂ ಸಿಗಲಿಲ್ವಾ ಅತ್ತೆ?'

'ಇಲ್ಲ.'

'ಕುಡಿತ, ಗಿಡಿತ?'

'ಇಲ್ಲ ಕಣೆ.'

'ಸರಿಯಾಗಿ ಕೇಳಿದ್ಯಾ?' ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಊರೂರು ಅಲೆದು ಎಲ್ಲರನ್ನೂ ಅನುಮಾನಿಸಿದ ನಾನು ಒಬ್ಬಳನ್ನು ಮಾತ್ರ ಅನುಮಾನಿಸಿರಲಿಲ್ಲ. 'ನಿಮ್ಮಿಷ್ಟ' ಅಂದಿದ್ದಳಲ್ಲ, ಆ ಮಾತು ಯಾರು ಕಲಿಸಿದ್ದು ಎಂದು ನಾನು ಕೇಳಬೇಕಿತ್ತು. 'ನಿನಗೆ ಈ ಹುಡುಗ ಬೇಡವಾ' ಎಂದೆ. ಅವಳು ಲೋಟ ತಿರುಗಿಸುತ್ತಾ ಕೂತಳು.

'ಯಾಕೆ ಬೇಡ ಅಂದ್ರೆ ಏನು ಹೇಳಲಿ? ಅವನು ಒಳ್ಳೆಯವನೇ. ಅಪ್ಪ ಅವ್ವನಿಗೆ ಇಷ್ಟ. ನೀನಾದ್ರೂ ಹೋಗಿ ಏನಾದ್ರೂ ಕೆಟ್ಟದ್ದು ಹುಡುಕ್ಕೊಂಡು ಬತ್ತೀಯ, ಆಗ ತಾನಾಗೇ ನಿಂತೋಗುತ್ತೆ ಅಂತ ಕಳಿಸಿದೆ.' ಆಮೇಲೆ ತಲೆಯೆತ್ತಿ, 'ಆ ಮಾಗಡಿ ಹುಡುಗಿ ಬೇಡ ಅಂದ್ಲು ಅಂತ ನಿನಗೆ ಯಾರು ಹೇಳಿದ್ದು' ಎಂದು ಕೇಳಿದಳು.

ಆಗ ನಾನು ನನ್ನ ಕಥೆ ಹೇಳಿದೆ. ಅವ್ವನ ಸೆರಗು, ಅಪ್ಪ ಕೈ ಮುಗಿದದ್ದು, ಜೋಯಿಸರ ತಪ್ಪು ಲೆಕ್ಕ, ಎಲ್ಲ. ಅವಳು ಹುಟ್ಟಿದಾಗಿನಿಂದ ನನ್ನ ಜಾತಕದ ಮಾತು ಕೇಳಿ ಬೆಳೆದವಳು. ಕೈಯಲ್ಲಿದ್ದ ಲೋಟವನ್ನು ಪಕ್ಕಕ್ಕಿಟ್ಟಳು.

'ಹಂಗಾದ್ರೆ ಬೇಡ ಅನ್ನೋಕೆ ಹುಡುಗ ಕೆಟ್ಟೋನೇ ಆಗಿರಬೇಕು ಅಂತೇನಿಲ್ವಾ ಅತ್ತೆ?'

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಇಲ್ಲ ಎಂದೆ.

ಭಾನುವಾರ ಬೆಳಿಗ್ಗೆ ಊರಿಗೆ ಹೋದೆ. ಅಣ್ಣ ಹುಳುಗಳಿಗೆ ಸೊಪ್ಪು ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದ. ಹುಡುಗಿ ತಾನೇ ಹೇಳಿದಳು. ಅತ್ತಿಗೆ ಒಂದೇ ಸಮನೆ ಅತ್ತಳು, ನನ್ನನ್ನು ಬೈದಳು, ನಾನೇ ತಲೆ ಕೆಡಿಸಿದ್ದು ಎಂದಳು. ಅಣ್ಣ ಬೈಯಲಿಲ್ಲ. ಚಿಂತೆಯಲ್ಲಿ ಅವನಿಗೆ ಮೊದಲು ನೆನಪಾದದ್ದು ಅಪ್ಪನ ದಾರಿ.

'ಆಯ್ತು ಬುಡು. ಜಾತಕ ಕೂಡ್ಲಿಲ್ಲ ಅಂತ ಹೇಳಿಬುಡಾನ.'

'ಅಣ್ಣ, ಆ ಮಾತು ಮಾತ್ರ ಬೇಡ' ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಅತ್ತಿಗೆ ಅಳು ನಿಲ್ಲಿಸಿದಳು. ಅಣ್ಣ ನನ್ನ ಮುಖ ನೋಡಿದ. ನನ್ನ ಮದುವೆ ಮುರಿದಾಗ ಅವನು ಅದೇ ಜಗಲಿಯ ಮೇಲೆ ಇದ್ದವನು. ಅವನಿಗೆ ಎಲ್ಲ ಗೊತ್ತಿತ್ತು, ಎಂದೂ ಆಡಿರಲಿಲ್ಲ.

'ಮತ್ತೆ ಏನಂತ ಹೇಳ್ಲಿ?'

'ನಂಗೆ ಬೇಡ ಅಂದೆ ಅಂತ ಹೇಳಪ್ಪ' ಎಂದಳು ಮಗಳು.

'ಯಾರೂ ನಂಬಾಕಿಲ್ಲ ಕಣವ್ವ.'

ಆದರೂ ಅವನು ಮೊಬೈಲು ತೆಗೆದು ಹುಡುಗನ ಅಪ್ಪನಿಗೆ ಫೋನು ಮಾಡಿದ. ಅಣ್ಣನಿಗೆ ಕಿವಿ ಮಂದ, ಸ್ಪೀಕರಿಗೇ ಹಾಕುತ್ತಾನೆ. ಮಳೆ, ಬೆಳೆ, ರೇಷ್ಮೆ ಗೂಡಿನ ರೇಟು ಎಲ್ಲ ಆದ ಮೇಲೆ, 'ಬೇಜಾರು ಮಾಡ್ಕೋಬ್ಯಾಡಿ. ನಮ್ಮುಡುಗಿ ಬೇಡ ಅಂತಾಳೆ' ಎಂದ. ಹುಡುಗನ ಅಪ್ಪ ದನಿ ತಗ್ಗಿಸಿ ಕೇಳಿದ, 'ನಮ್ಮ ಮ್ಯಾಲೆ ಯಾರು ಏನಂದ್ರು, ಹೇಳಿಬುಡಿ.'

'ಯಾರೂ ಏನೂ ಅಂದಿಲ್ಲ. ನಿಮ್ಮ ಹೈದ ಒಳ್ಳೇನು ಅಂದ್ರು.'

'ಹಂಗಾದ್ರೆ ಜಾತಕದಲ್ಲಿ ಏನಾರ ಬಂತಾ?'

ಅವನೇ ದಾರಿ ತೋರಿಸಿಕೊಟ್ಟಿದ್ದ. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಎರಡೂ ಮನೆಯ ಮರ್ಯಾದೆ ಉಳಿಯುತ್ತಿತ್ತು. ಅಣ್ಣ ಹೂಂ ಅನ್ನುತ್ತಾನೆ ಎಂದೇ ನಾನು ಅಂದುಕೊಂಡೆ, ನನ್ನ ಬುದ್ಧಿಯೇ ಅಂಥದ್ದು. ಅವನು ಒಮ್ಮೆ ನನ್ನ ಕಡೆ ನೋಡಿ, ಫೋನನ್ನು ಬಾಯಿಯ ಹತ್ತಿರ ಹಿಡಿದ.

'ಜಾತಕ ಎಲ್ಲಾ ಸರಿಯಾಗೈತೆ. ಹುಡುಗಿ ಬೇಡ ಅಂದ್ಲು, ಅಷ್ಟೆ.'

ನಾನು ಎದ್ದು ಹಿತ್ತಿಲಿಗೆ ಹೋದೆ. ನನ್ನಪ್ಪ ಒಂದು ಸಲ, ಒಬ್ಬರ ಮುಂದೆ, ನನಗಾಗಿ ಆಡಲಿ ಎಂದು ನಾನು ಕಾದಿದ್ದ ಮಾತು ಅದು.